ಕಾರ್ಬ್ಯುರೇಟರ್ ಕಾರಿಗೆ ನೈಟ್ರಸ್: ಗ್ಯಾಸಿಗಿಂತ ಮೊದಲು ಪೆಟ್ರೋಲಿನ ಲೆಕ್ಕ

ಹಳೇ ಕಾಂಟೆಸ್ಸಾಕ್ಕೆ ನೈಟ್ರಸ್ (ಎಂಜಿನ್ನಿನ ಬಲ ಏರಿಸಲು ಬಾಟಲಿಯಿಂದ ಬಿಡುವ ನೈಟ್ರಸ್ ಆಕ್ಸೈಡ್ ಗ್ಯಾಸ್) ಕೂರಿಸಬೇಕು ಎನ್ನುವ ಹುಡುಗರು ದಾವಣಗೆರೆಯಲ್ಲಿ ಈಗಲೂ ಇದ್ದಾರೆ. ಅವರು ಮೊದಲು ಕೇಳುವುದು ಬಾಟಲಿ ಎಷ್ಟು ದೊಡ್ಡದು, ಎಷ್ಟು ಎಚ್‌ಪಿ ಏರುತ್ತದೆ ಎಂದು. ಪೆಟ್ರೋಲ್ ಪಂಪಿನ ಮಾತನ್ನು ಯಾರೂ ಎತ್ತುವುದಿಲ್ಲ. ಗ್ಯಾರೇಜಿನಲ್ಲೂ "ಗ್ಯಾಸ್ ಬಿಟ್ರ ಸಾಕ್ರಿ, ಪಿಕಪ್ ತಾನಾಗೇ ಬರ್ತತಿ" ಎಂಬ ಧೈರ್ಯ ಸುಲಭವಾಗಿ ಸಿಗುತ್ತದೆ. ಆದರೆ ನೈಟ್ರಸ್ ಹಾಕಿ ಪಿಸ್ಟನ್ ತೂತು ಬಿದ್ದ ಎಂಜಿನ್ ಬಿಚ್ಚಿದಾಗ ಮೊದಲು ಅನುಮಾನಿಸಬೇಕಾದದ್ದು ಒಂದನ್ನೇ: ಗ್ಯಾಸ್ ಬಂತು, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬರಲಿಲ್ಲ. ಹಾಗಾಗಿ ಬಾಟಲಿ ಕೊಳ್ಳುವ ಮೊದಲೇ ಪೆಟ್ರೋಲಿನ ದಾರಿಯನ್ನು ಸಿದ್ಧ ಮಾಡಿಕೊಳ್ಳಿ. ಅದನ್ನು ಹೇಗೆ ಮಾಡುವುದು ಎಂಬುದಷ್ಟೇ ಈ ಬರಹದ ವಿಷಯ.

ಶುರುವಿಗೆ ಒಂದು ಮಾತು ಕಟ್ಟುನಿಟ್ಟಾಗಿ ಹೇಳಬೇಕು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಆದ್ದರಿಂದ ನೈಟ್ರಸ್ ಕೂರಿಸಿದ ಕಾರು ರಸ್ತೆಗೆ ಅಲ್ಲ. ಹರಿಹರ ಕಡೆಗೋ ಚಿತ್ರದುರ್ಗದ ಕಡೆಗೋ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ರಾತ್ರಿ ಹೊತ್ತು ಪರೀಕ್ಷೆ ಮಾಡಿ ನೋಡುತ್ತೇನೆ ಎನ್ನುವವರಿಗಾಗಿ ಇದನ್ನು ಬರೆದಿಲ್ಲ. ಆ ರಸ್ತೆಯಲ್ಲಿ ಲಾರಿ, ಬಸ್ಸು, ಕಬ್ಬಿನ ಟ್ರ್ಯಾಕ್ಟರ್ ಎಲ್ಲವೂ ಓಡುತ್ತವೆ. ಎಫ್‌ಎಂಎಸ್‌ಸಿಐ (ದೇಶದ ಮೋಟಾರ್ ಸ್ಪರ್ಧೆಗಳನ್ನು ನೋಡಿಕೊಳ್ಳುವ ಸಂಸ್ಥೆ) ಒಪ್ಪಿಗೆ ಇರುವ ಡ್ರ್ಯಾಗ್ ಸ್ಪರ್ಧೆ ಅಥವಾ ಮುಚ್ಚಿದ ಟ್ರ್ಯಾಕ್, ಅದರಲ್ಲೂ ನಿಮ್ಮ ವರ್ಗದಲ್ಲಿ ನೈಟ್ರಸ್‌ಗೆ ಅನುಮತಿ ಇದೆಯೇ ಎಂದು ನಿಯಮ ಓದಿಕೊಂಡ ಮೇಲೆ ಮುಂದಿನ ಮಾತು. ಬಾಟಲಿಗೂ ಗ್ಯಾಸ್ ಸಿಲಿಂಡರ್ ನಿಯಮಗಳು 2016 ಅನ್ವಯಿಸುತ್ತವೆ. ಪೆಸೊ (ಕೇಂದ್ರದ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ) ಒಪ್ಪಿದ ಸಿಲಿಂಡರನ್ನೇ ತನ್ನಿ, ಅಧಿಕೃತ ಡೀಲರ್ ಬಳಿಯೇ ತೂಕ ಮಾಡಿ ತುಂಬಿಸಿ.

ಪೆಟ್ರೋಲ್ ಯಾಕೆ ಹೆಚ್ಚು ಬೇಕು

ನೈಟ್ರಸ್ ತಾನೇ ಉರಿಯುವ ಇಂಧನವಲ್ಲ, ಉರಿಸುವ ಆಮ್ಲಜನಕವನ್ನು ಹೊತ್ತು ತರುವ ಗ್ಯಾಸ್. ತೂಕದ ಲೆಕ್ಕದಲ್ಲಿ ಗಾಳಿಯಲ್ಲಿ ಆಮ್ಲಜನಕ ಶೇ 23ರಷ್ಟಿದ್ದರೆ ನೈಟ್ರಸ್‌ನಲ್ಲಿ ಶೇ 36ರಷ್ಟಿದೆ. ಎಂಜಿನ್ ಸಿಲಿಂಡರಿನ ಬಿಸಿಗೆ ಅದು ಒಡೆದು ಆ ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. ಒಂದು ಕೆ.ಜಿ. ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು, ನೈಟ್ರಸ್ ಆದರೆ ಸುಮಾರು 9.6 ಕೆ.ಜಿ. ಸಾಕು. ಇದು ಪುಸ್ತಕದ ಲೆಕ್ಕ. ಕೆಲಸದಲ್ಲಿ ಇದಕ್ಕಿಂತ ಹೆಚ್ಚು ಪೆಟ್ರೋಲ್ ಕೊಟ್ಟು ರಿಚ್ ಆಗಿಯೇ ಓಡಿಸಬೇಕು, ಏಕೆಂದರೆ ಹೆಚ್ಚುವರಿ ಪೆಟ್ರೋಲೇ ಪಿಸ್ಟನ್ನಿನ ತಲೆಯನ್ನು ತಂಪಾಗಿಡುವುದು. ಲೀನ್ ಆದರೆ, ಅಂದರೆ ಪೆಟ್ರೋಲ್ ಸಾಲದಾದರೆ, ನಾಕಿಂಗ್ (ಮಿಶ್ರಣ ಹತೋಟಿ ಮೀರಿ ಸಿಡಿದು ಬಡಿಯುವುದು) ಶುರುವಾಗುತ್ತದೆ. ಮೊದಲು ಪ್ಲಗ್‌ನ ತುದಿ ಕರಗುತ್ತದೆ, ಆಮೇಲೆ ರಿಂಗ್ ಕೂರುವ ಅಂಚು ಒಡೆಯುತ್ತದೆ. ಇಷ್ಟೆಲ್ಲ ಆಗಲು ಕೆಲವೇ ಸೆಕೆಂಡು ಸಾಕು.

ಇಲ್ಲಿ ಬಹಳ ಜನ ತಪ್ಪು ತಿಳಿಯುವ ಒಂದು ವಿಷಯವಿದೆ. ನೈಟ್ರಸ್ ಹಾಕುತ್ತೇವೆಂದು ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರಿನ ಮೇನ್ ಜೆಟ್ (ಪೆಟ್ರೋಲ್ ಹರಿಯುವ ಮುಖ್ಯ ತೂತು) ದೊಡ್ಡದು ಮಾಡಿಸುತ್ತಾರೆ. ಅದು ಬೇಡ. ಪ್ಲೇಟ್ ಕಿಟ್‌ನಲ್ಲಿ ಗ್ಯಾಸಿನ ನಳಿಗೆಯೂ ಅದರ ಪೆಟ್ರೋಲ್ ನಳಿಗೆಯೂ ಒಂದು ತೆಳು ಪ್ಲೇಟಿನಲ್ಲಿದ್ದು, ಕಾರ್ಬ್ಯುರೇಟರಿನ ಕೆಳಗೆ, ಮಿಶ್ರಣವನ್ನು ಸಿಲಿಂಡರುಗಳಿಗೆ ಹಂಚುವ ಮ್ಯಾನಿಫೋಲ್ಡಿನ ಮೇಲೆ ಕೂರುತ್ತವೆ. ತನ್ನ ಮೂಲಕ ಹೋಗುವ ಗಾಳಿಗೆ ಎಷ್ಟು ಪೆಟ್ರೋಲ್ ಬೇಕೋ ಅಷ್ಟನ್ನೇ ಕಾರ್ಬ್ಯುರೇಟರ್ ಕೊಡುತ್ತದೆ. ಕೆಳಗೆ ಬರುವ ನೈಟ್ರಸ್‌ನ ಸುದ್ದಿ ಅದಕ್ಕೆ ಗೊತ್ತೇ ಆಗುವುದಿಲ್ಲ. ಮೇನ್ ಜೆಟ್ ಹಿಗ್ಗಿಸಿದರೆ ಗ್ಯಾಸ್ ಇಲ್ಲದಾಗ ಕಾರು ಕಪ್ಪು ಹೊಗೆ ಕಾರುತ್ತದೆ, ಗ್ಯಾಸ್ ಬಿಟ್ಟಾಗ ಪೆಟ್ರೋಲ್ ಸಾಲದೇ ಹೋಗುತ್ತದೆ. ನೈಟ್ರಸ್‌ಗೆ ಬೇಕಾದ ಪೆಟ್ರೋಲ್ ಬರಬೇಕಾದದ್ದು ಪ್ಲೇಟಿನ ಸ್ವಂತ ಜೆಟ್‌ನಿಂದ. ಕಾರ್ಬ್ಯುರೇಟರಿನ ಕೆಲಸ ಬರೀ ಗಾಳಿಯ ಪಾಲಿನದು, ಆ ಟ್ಯೂನಿಂಗ್ ಮೊದಲೇ ಸರಿಯಾಗಿರಬೇಕು.

ಕಾಗದದ ಮೇಲೆ ಲೆಕ್ಕ

ಕಾಂಟೆಸ್ಸಾದ 1.8 ಲೀಟರ್ ಪೆಟ್ರೋಲ್ ಎಂಜಿನನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಒಳ್ಳೆಯ ಸ್ಥಿತಿಯಲ್ಲಿರುವ ಎಂಜಿನ್‌ಗೆ 85 ಎಚ್‌ಪಿ ಎಂದು ಹಿಡಿಯಿರಿ. ಫುಲ್ ಥ್ರಾಟಲ್‌ನಲ್ಲಿ ಒಂದು ಎಚ್‌ಪಿಗೆ ಗಂಟೆಗೆ ಸುಮಾರು 0.3 ಲೀಟರ್ ಪೆಟ್ರೋಲ್ ಬೇಕು. ಅಂದರೆ ಗಂಟೆಗೆ 25.5 ಲೀಟರ್. ನೈಟ್ರಸ್‌ನಿಂದ ಬರುವ ಎಚ್‌ಪಿಗೆ ರಿಚ್ ಆಗಿ, ಒಂದಕ್ಕೆ 0.4 ಲೀಟರ್ ಹಿಡಿಯಿರಿ. 40 ಎಚ್‌ಪಿ ಶಾಟ್ (ನೈಟ್ರಸ್‌ನಿಂದ ಏರುವ ಬಲ) ಆದರೆ ಗಂಟೆಗೆ 16 ಲೀಟರ್.

ಇಷ್ಟು, ಯಾವ ಶಾಟ್‌ಗೆ ಯಾವ ಜೆಟ್ ಎಂದು ಹೇಳುವ ಪರದೇಶದ ಕಿಟ್‌ನ ಚಾರ್ಟ್‌ಗೆ ಹೊಂದುವ ಲೆಕ್ಕ. ನಮ್ಮ ಬಂಕಿನಲ್ಲಿ ಸಿಗುವುದು ಇ20, ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್. ಎಥೆನಾಲ್ ತನ್ನೊಳಗೇ ಸ್ವಲ್ಪ ಆಮ್ಲಜನಕ ಇಟ್ಟುಕೊಂಡಿರುವುದರಿಂದ ಅಷ್ಟೇ ಗಾಳಿಗೆ ಅಥವಾ ಅಷ್ಟೇ ನೈಟ್ರಸ್‌ಗೆ ಶೇ 9ರಷ್ಟು ಹೆಚ್ಚು ಇಂಧನ ಬೇಕು. ಈ ಶೇ 9 ಬಿಟ್ಟರೆ ಚಾರ್ಟ್ ನೋಡಿ ಸರಿಯಾಗಿಯೇ ಜೆಟ್ ಹಾಕಿದವನೂ ಲೀನ್ ಆಗಿ ಓಡಿಸುತ್ತಿರುತ್ತಾನೆ. ಸೇರಿಸಿದರೆ ಕಾರ್ಬ್ಯುರೇಟರಿಗೆ ಗಂಟೆಗೆ ಸುಮಾರು 28 ಲೀಟರ್, ಪ್ಲೇಟಿಗೆ ಸುಮಾರು 17.5 ಲೀಟರ್. ಜೆಟ್ ವಿಷಯದಲ್ಲಿ ಹೇಳುವುದಾದರೆ, ಹರಿವು ತೂತಿನ ವಿಸ್ತೀರ್ಣಕ್ಕೆ ತಕ್ಕಂತೆ ಹೋಗುವುದರಿಂದ ಚಾರ್ಟ್ ಹೇಳಿದ ಪೆಟ್ರೋಲ್ ಜೆಟ್‌ಗಿಂತ ವ್ಯಾಸದಲ್ಲಿ ಶೇ 4ರಿಂದ 5 ದೊಡ್ಡದಿರುವ ಜೆಟ್ ಸಾಕು. ನೈಟ್ರಸ್ ಜೆಟ್ ಮುಟ್ಟಬೇಡಿ.

ಪದ್ಮಿನಿ, ಮಾರುತಿ 800 ಇಟ್ಟುಕೊಂಡವರು ಇದೇ ಲೆಕ್ಕವನ್ನು ತಮ್ಮ ಎಚ್‌ಪಿಗೆ ಇಳಿಸಿಕೊಳ್ಳಬಹುದು. ಎರಡೂ 40ರ ಆಸುಪಾಸಿನ ಎಚ್‌ಪಿಯ ಎಂಜಿನ್‌ಗಳು. ಅವುಗಳಿಗೆ 15–20 ದಾಟಿದ ಶಾಟ್ ಕೊಡುವುದು ನನಗೆ ಒಪ್ಪಿಗೆಯಿಲ್ಲ.

ಹತ್ತು ಸೆಕೆಂಡಿನ ಒಂದು ಓಟಕ್ಕೆ ಪ್ಲೇಟಿನಿಂದ ಹೋಗುವ ಪೆಟ್ರೋಲ್ ಎಷ್ಟು ಗೊತ್ತೇ? ಸುಮಾರು 50 ಮಿ.ಲೀ. ಬೈ-ಟು ಮಾಡಿದ ಚಹಾದಷ್ಟು. ಇಷ್ಟು ಕಡಿಮೆ ಇರುವುದರಿಂದಲೇ ಜನ ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಟ್ಟು ಎಷ್ಟು ಹೋಯಿತು ಎಂಬುದಲ್ಲ ಇಲ್ಲಿನ ಪ್ರಶ್ನೆ. ಆ ಹತ್ತು ಸೆಕೆಂಡಿನ ಪ್ರತಿ ಕ್ಷಣವೂ ಅದೇ ಒತ್ತಡದಲ್ಲಿ ಬಂತೇ ಎಂಬುದು.

ಎಸಿ ಪಂಪನ್ನು ಅದರ ಪಾಡಿಗೆ ಬಿಡಿ, ಬೇರೆ ದಾರಿ ಮಾಡಿ

ಎಂಜಿನ್ ಪಕ್ಕ ಕ್ಯಾಮ್‌ನಿಂದ ಓಡುವ ಎಸಿ ಪಂಪು (ಹಳೇ ಕಾರಿನ ಪೆಟ್ರೋಲ್ ಪಂಪು, ಏರ್ ಕಂಡಿಷನರಿನದಲ್ಲ) ಕಾರ್ಬ್ಯುರೇಟರಿನ ಫ್ಲೋಟ್ ಚೇಂಬರ್, ಅಂದರೆ ಪೆಟ್ರೋಲ್ ಕೂಡಿಡುವ ಚಿಕ್ಕ ಕೋಣೆ, ತುಂಬಲೆಂದು ಮಾಡಿದ್ದು. ಅದರ ಒತ್ತಡ ಡಯಾಫ್ರಮ್ ಕೆಳಗಿನ ಸ್ಪ್ರಿಂಗ್ ಕೊಟ್ಟಷ್ಟೇ, ಕೆಲವೇ ಪಿಎಸ್‌ಐ. ಆ ಪೈಪಿಗೇ ಒಂದು ಟಿ (ಕವಲು ಜೋಡಣೆ) ಹಾಕಿ, ಕರೆಂಟ್ ಕೊಟ್ಟಾಗ ತೆರೆಯುವ ಪ್ಲೇಟಿನ ವಾಲ್ವ್, ಅಂದರೆ ಸೊಲೆನಾಯ್ಡ್‌ಗೆ ಕೊಟ್ಟರೆ, ಸೊಲೆನಾಯ್ಡ್ ತೆರೆದ ಕ್ಷಣ ಒತ್ತಡ ಕುಸಿಯುತ್ತದೆ. ಪ್ಲೇಟಿಗೂ ಸಾಲದು, ಫ್ಲೋಟ್ ಚೇಂಬರಿನ ಮಟ್ಟವೂ ಇಳಿಯುತ್ತದೆ. ಎರಡೂ ಕಡೆ ಒಟ್ಟಿಗೆ ಲೀನ್. ಟಿ ಹಾಕಿದ ಕಿಟ್‌ಗಳು ಮೊದಲೆರಡು ಓಟ ಚೆನ್ನಾಗಿ ಓಡಿ ಮೂರನೆಯದಕ್ಕೆ ಕೈಕೊಡುವುದು ಇದೇ ಕಾರಣಕ್ಕೆ. ಪಂಪಿನ ಡಯಾಫ್ರಮ್ ಹಳೆಯದಾಗಿದ್ದರಂತೂ ಮೊದಲನೆಯದಕ್ಕೇ.

ನನ್ನ ಅಭಿಪ್ರಾಯದಲ್ಲಿ ಒಂದೇ ಸರಿಯಾದ ದಾರಿ: ಎಸಿ ಪಂಪು ಕಾರ್ಬ್ಯುರೇಟರಿಗಷ್ಟೇ ಇರಲಿ, ಪ್ಲೇಟಿಗೆ ಪ್ರತ್ಯೇಕ ಟ್ಯಾಂಕು, ಪ್ರತ್ಯೇಕ ಎಲೆಕ್ಟ್ರಿಕ್ ಪಂಪು, ಪ್ರತ್ಯೇಕ ಪೈಪು, ಪ್ರತ್ಯೇಕ ರೆಗ್ಯುಲೇಟರ್. ಡಿಕ್ಕಿಯಲ್ಲಿ ಗಟ್ಟಿಯಾಗಿ ಬಿಗಿದ ಎರಡು-ಮೂರು ಲೀಟರಿನ ರೇಸಿಂಗ್ ಟ್ಯಾಂಕು ಸಾಕೇ ಸಾಕು. ಮನೆಯಲ್ಲಿ ಬಿದ್ದಿರುವ ಪ್ಲಾಸ್ಟಿಕ್ ಕ್ಯಾನ್ ಆಗದು. ಇದರಲ್ಲಿ ಇನ್ನೊಂದು ಲಾಭವಿದೆ: ದೊಡ್ಡ ಟ್ಯಾಂಕಿನಲ್ಲಿ ಮಾಮೂಲಿ ಪೆಟ್ರೋಲ್ ಇದ್ದರೂ ಈ ಚಿಕ್ಕದರಲ್ಲಿ ಹೆಚ್ಚಿನ ಆಕ್ಟೇನ್‌ನ ಪೆಟ್ರೋಲ್ ಇಡಬಹುದು. ಹಳೇ ಟ್ಯಾಂಕಿನ ತುಕ್ಕಿನ ಪುಡಿಯೂ ಚಿಕ್ಕ ಜೆಟ್‌ಗೆ ಬರುವುದಿಲ್ಲ.

ಪಂಪನ್ನು ಟ್ಯಾಂಕಿನ ಹತ್ತಿರ, ಟ್ಯಾಂಕಿಗಿಂತ ಕೆಳಮಟ್ಟದಲ್ಲಿ ಕೂರಿಸಿ. ಎಲೆಕ್ಟ್ರಿಕ್ ಪಂಪು ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ಸೋಮಾರಿ. ಬೇಕಾದದ್ದರ ಎರಡರಷ್ಟು ಹರಿವು ಇರುವ ಪಂಪನ್ನೇ ಆರಿಸಿ. ನಮ್ಮ ಉದಾಹರಣೆಗೆ ಗಂಟೆಗೆ 35 ಲೀಟರ್‌ಗೆ ಕಡಿಮೆ ಇಲ್ಲದ್ದು. ಪಂಪಿಗೆ ಹೋಗುವ ವೈರ್ ಹಳೇ ಫ್ಯೂಸ್ ಬಾಕ್ಸಿನಿಂದ ಬೇಡ. ಬ್ಯಾಟರಿಯಿಂದ ನೇರವಾಗಿ ಫ್ಯೂಸ್, ರಿಲೇ ಮೂಲಕ ದಪ್ಪ ವೈರ್ ತನ್ನಿ. ಪಂಪು ಓಡುವಾಗ ಅದರ ಟರ್ಮಿನಲ್‌ನಲ್ಲೇ ಮೀಟರ್ ಇಟ್ಟು ವೋಲ್ಟೇಜ್ ನೋಡಿ. ಬ್ಯಾಟರಿಗಿಂತ ಅರ್ಧ ವೋಲ್ಟ್ ಮೀರಿ ಕಡಿಮೆ ತೋರಿಸಿದರೆ ವೈರಿನಲ್ಲೋ ಅರ್ಥಿಂಗಿನಲ್ಲೋ ಲೋಪವಿದೆ. ಎಂಜಿನ್ ನಿಂತರೆ ಪಂಪೂ ನಿಲ್ಲುವಂತೆ ಆಯಿಲ್ ಪ್ರೆಶರ್ ಸ್ವಿಚ್ ಮೂಲಕ ರಿಲೇ ಕೊಡಿ. ಅಪಘಾತವಾದಾಗ ಪೆಟ್ರೋಲ್ ಸುರಿಯುತ್ತಲೇ ಇರಬಾರದು.

ಪೈಪಿನ ವಿಷಯದಲ್ಲಿ ಜಿಪುಣತನ ಬೇಡ. ಎಥೆನಾಲ್‌ಗೆ ಹಳೇ ರಬ್ಬರ್ ಪೈಪು ಮೆತ್ತಗಾಗಿ ಒಳಗಿನಿಂದ ಸಿಪ್ಪೆ ಏಳುತ್ತದೆ. ಎಸ್‌ಎಇ ಜೆ30 ಆರ್9 ಎಂದು ಮುದ್ರೆ ಇರುವ ಪೈಪು ಕೇಳಿ ತನ್ನಿ. ಪಿ.ಬಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಕೊಡುವ ಮಾಮೂಲಿ ಪೈಪಿನ ಮೇಲೆ ಆ ಮುದ್ರೆ ಇದೆಯೇ ಎಂದು ಕಣ್ಣಾರೆ ನೋಡಿ. ಇಲ್ಲದಿದ್ದರೆ ಬೆಂಗಳೂರಿನಿಂದ ತರಿಸಿದರೂ ನಷ್ಟವಿಲ್ಲ. ಕ್ಲಿಪ್ ಕೂಡ ಸ್ಕ್ರೂ ಇರುವುದು, ತಂತಿ ಸುತ್ತಿದ್ದಲ್ಲ. ಸೈಲೆನ್ಸರ್ ಪೈಪಿನಿಂದ ದೂರದಲ್ಲಿ ಹಾಯಿಸಿ. ನಮ್ಮೂರ ಏಪ್ರಿಲ್ ಬಿಸಿಲಿಗೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ಗಾಳಿ ಕಟ್ಟುತ್ತದೆ.

ಕಾರು ಜಿಗಿದಾಗ ಏನಾಗುತ್ತದೆ

ಇದನ್ನು ಬಹಳ ಜನ ಯೋಚಿಸುವುದೇ ಇಲ್ಲ. ಟ್ಯಾಂಕು ಹಿಂದೆ, ಎಂಜಿನ್ ಮುಂದೆ. ನಡುವೆ ಸುಮಾರು ಮೂರು ಮೀಟರ್ ಪೈಪಿನ ತುಂಬ ಪೆಟ್ರೋಲ್. ಕಾರು 0.4 ಜಿ (ಗುರುತ್ವದ 0.4 ಪಾಲು) ವೇಗೋತ್ಕರ್ಷದಲ್ಲಿ ಹೊರಟರೆ ಆ ಪೆಟ್ರೋಲ್ ಹಿಂದಕ್ಕೆ ಒತ್ತುತ್ತದೆ, ಸುಮಾರು 1.25 ಪಿಎಸ್‌ಐ ಅಲ್ಲೇ ಕಳೆದುಹೋಗುತ್ತದೆ. 5.5 ಪಿಎಸ್‌ಐ ಇರಬೇಕಾದಲ್ಲಿ 4.25 ಆದರೆ ಜೆಟ್‌ನಿಂದ ಬರುವ ಪೆಟ್ರೋಲ್ ಶೇ 12ರಷ್ಟು ಕಡಿಮೆ. ಗ್ಯಾರೇಜಿನಲ್ಲಿ ನಿಂತಲ್ಲೇ ಅಳೆದಾಗ ಎಲ್ಲ ಸರಿ ಇರುತ್ತದೆ, ಟ್ರ್ಯಾಕಿನಲ್ಲಿ ಲೀನ್.

ಪರಿಹಾರ ಸರಳ. ಪಂಪು 10–12 ಪಿಎಸ್‌ಐ ಕೊಡುವಂಥದ್ದಿರಲಿ, ರೆಗ್ಯುಲೇಟರನ್ನು ಹಿಂದೆ ಇಡದೆ ಬಾನೆಟ್ ಒಳಗೆ, ಸೊಲೆನಾಯ್ಡ್ ಹತ್ತಿರ ಕೂರಿಸಿ. ದಾರಿಯಲ್ಲಿ ಒಂದೂವರೆ ಪಿಎಸ್‌ಐ ಹೋದರೂ ರೆಗ್ಯುಲೇಟರಿಗೆ ಬೇಕಾದದ್ದಕ್ಕಿಂತ ಹೆಚ್ಚೇ ತಲುಪುತ್ತದೆ, ಅದು 5.5ಕ್ಕೆ ಇಳಿಸಿ ಕೊಡುತ್ತದೆ. ರೆಗ್ಯುಲೇಟರ್ ಇಲ್ಲದೆ ಬರೀ 4–6 ಪಿಎಸ್‌ಐನ ಚಿಕ್ಕ ಪಂಪಿನ ಮೇಲೆ ನಂಬಿಕೆ ಇಟ್ಟರೆ ಈ ಭದ್ರತೆ ಸಿಗುವುದಿಲ್ಲ.

ಅಳೆಯುವ ವಿಧಾನ

ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಅರ್ಧ ಗಂಟೆ ಇದು. ಬಾಟಲಿಯನ್ನು ಕಾರಿನಿಂದ ಹೊರಗೆ ತೆಗೆದಿಡಿ. ಎಂಜಿನ್ ತಣ್ಣಗಿರಲಿ, ಇಗ್ನಿಷನ್ ಕಾಯಿಲಿನ ವೈರ್ ಬಿಚ್ಚಿರಲಿ. ಬಯಲಲ್ಲಿ ಮಾಡಿ, ಬೆಂಕಿ ನಂದಿಸುವ ಸಿಲಿಂಡರ್ ಕೈಗೆ ಸಿಗುವಲ್ಲಿರಲಿ, ಬೀಡಿ-ಸಿಗರೇಟಿನವರು ದೂರ ನಿಲ್ಲಲಿ. ಒಬ್ಬರೇ ಮಾಡಬೇಡಿ.

1. ಪ್ಲೇಟಿನ ಬಳಿ ಪೆಟ್ರೋಲ್ ಪೈಪು ಬಿಚ್ಚಿ, ನೀವು ನಿಜವಾಗಿ ಬಳಸುವ ಜೆಟ್ ಅನ್ನೇ ಅದರ ತುದಿಗೆ ಕೂರಿಸಿ, ಮಿ.ಲೀ. ಗೆರೆ ಇರುವ ಪೆಟ್ರೋಲ್ ತಾಳುವ ಜಾಡಿಗೆ ಬಿಡಿ.

2. ಬ್ಯಾಟರಿಗೆ ಚಾರ್ಜರ್ ಹಾಕಿ. ಓಡುವ ಕಾರಿನಲ್ಲಿ ಪಂಪಿಗೆ ಸಿಗುವ ವೋಲ್ಟೇಜ್ ಆಗ ಹತ್ತಿರ ಹತ್ತಿರ ಸಿಗುತ್ತದೆ.

3. ಎಂಜಿನ್ ನಿಂತಿರುವುದರಿಂದ ಪಂಪಿಗೂ ಪೆಟ್ರೋಲ್ ಸೊಲೆನಾಯ್ಡ್‌ಗೂ ನೇರವಾಗಿ ಕರೆಂಟ್ ಕೊಟ್ಟು, ಪೆಟ್ರೋಲ್ ಹರಿಯುತ್ತಿರುವಾಗಲೇ ರೆಗ್ಯುಲೇಟರನ್ನು 5.5 ಪಿಎಸ್‌ಐಗೆ ತನ್ನಿ. ಕಿಟ್ ಬೇರೆ ಒತ್ತಡ ಹೇಳಿದ್ದರೆ ಅದಕ್ಕೆ. ಮುಚ್ಚಿದ ಸೊಲೆನಾಯ್ಡ್‌ನಲ್ಲಿ ಗೇಜ್ ತೋರಿಸುವ ಅಂಕಿಗೆ ಬೆಲೆ ಇಲ್ಲ; ನಿಂತ ಒತ್ತಡ 7 ಇದ್ದು ಹರಿಯುವಾಗ 5ಕ್ಕೆ ಬೀಳುವುದು ಮಾಮೂಲು.

4. ಈಗ ಸರಿಯಾಗಿ 30 ಸೆಕೆಂಡು ಬಿಟ್ಟು ಅಳೆಯಿರಿ. ನಮ್ಮ ಉದಾಹರಣೆಗೆ 145 ಮಿ.ಲೀ. ಬರಬೇಕು.

ಮೂರು ಸಲ ಅಳೆದು ಮೂರೂ ಹತ್ತಿರ ಹತ್ತಿರ ಇದ್ದರೆ ಮಾತ್ರ ನಂಬಿ. ಕಡಿಮೆ ಬಂದರೆ ಒತ್ತಡ ಏರಿಸಿ ಸರಿದೂಗಿಸಲು ಹೋಗಬೇಡಿ. ಫಿಲ್ಟರ್ ಕಟ್ಟಿದೆಯೇ, ಪೈಪು ಎಲ್ಲಾದರೂ ಮಡಚಿದೆಯೇ, ವೋಲ್ಟೇಜ್ ಇಳಿದಿದೆಯೇ ನೋಡಿ. ಹತ್ತಿಪ್ಪತ್ತು ಮಿ.ಲೀ. ಹೆಚ್ಚು ಬಂದರೆ ಹಾಗೇ ಬಿಡಿ, ಮೊದಲ ಓಟಕ್ಕೆ ಅದೇ ಒಳ್ಳೆಯದು.

ಕಾರ್ಬ್ಯುರೇಟರಿನ ಕಡೆಯನ್ನೂ ಮರೆಯುವಂತಿಲ್ಲ. ಎಸಿ ಪಂಪು ಚೆನ್ನಾಗಿದೆಯೇ, ನೀಡಲ್ ಸವೆದಿದೆಯೇ, ಫ್ಲೋಟ್ ಮಟ್ಟ ಸರಿ ಇದೆಯೇ? ಗ್ಯಾಸ್ ಇಲ್ಲದೆ ಟ್ರ್ಯಾಕಿನಲ್ಲಿ ಮೂರನೇ ಗೇರ್‌ನ ಕೊನೆಯವರೆಗೆ ಎಳೆದು ನೋಡಿ. ಮೇಲಿನ ಆರ್‌ಪಿಎಂನಲ್ಲಿ ಮಿಸ್ಸಿಂಗ್ ಬಂದರೆ ಫ್ಲೋಟ್ ಚೇಂಬರ್ ಖಾಲಿಯಾಗುತ್ತಿದೆ ಎಂದೇ ಮೊದಲು ಅನುಮಾನಿಸಿ. ಅದು ಸರಿಯಾಗುವವರೆಗೆ ನೈಟ್ರಸ್ ಮಾತೇ ಬೇಡ.

ಬಾಟಲಿಯ ಬಿಸಿ

ಪೆಟ್ರೋಲಿನ ಒತ್ತಡವನ್ನು ರೆಗ್ಯುಲೇಟರ್ ಹಿಡಿದಿಡುತ್ತದೆ. ನೈಟ್ರಸ್‌ನ ಒತ್ತಡವನ್ನು ಹವಾಮಾನ ನಿರ್ಧರಿಸುತ್ತದೆ. ಬಾಟಲಿ 20 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳಗೆ ಸುಮಾರು 735 ಪಿಎಸ್‌ಐ, 30 ಡಿಗ್ರಿಗೆ 900ರ ಮೇಲೆ. ಬಹುತೇಕ ಜೆಟ್ ಚಾರ್ಟ್‌ಗಳು 900–950ಕ್ಕೆ ಬರೆದವು. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಗ್ಯಾಸ್ ಕಡಿಮೆ ಬಂದು ಕಾರು ರಿಚ್ ಆಗುತ್ತದೆ. ಅದರಿಂದ ಎಂಜಿನ್‌ಗೆ ಅಂಥ ಅಪಾಯವಿಲ್ಲ. ಹೊತ್ತೇರಿ ಬಾಟಲಿ ಕಾಯ್ದರೆ ಅದೇ ಪೆಟ್ರೋಲ್ ಜೆಟ್‌ಗೆ ಗ್ಯಾಸ್ ಹೆಚ್ಚಾಗುತ್ತದೆ, ಅಲ್ಲಿದೆ ಅಪಾಯ.

ಇನ್ನು 36.4 ಡಿಗ್ರಿ ನೈಟ್ರಸ್‌ನ ಕ್ರಿಟಿಕಲ್ ತಾಪಮಾನ. ಅದನ್ನು ದಾಟಿದರೆ ಬಾಟಲಿಯೊಳಗೆ ದ್ರವ ಎಂಬುದೇ ಉಳಿಯುವುದಿಲ್ಲ, ಜೆಟ್‌ನಿಂದ ಏನು ಎಷ್ಟು ಬರುತ್ತದೆ ಎಂದು ಯಾವ ಚಾರ್ಟೂ ಹೇಳಲಾರದು. ದಾವಣಗೆರೆ, ಚಿತ್ರದುರ್ಗದ ಬೇಸಿಗೆಯಲ್ಲಿ ಮುಚ್ಚಿದ ಡಿಕ್ಕಿ ಈ ಅಂಕಿ ದಾಟಲು ಹೆಚ್ಚು ಹೊತ್ತು ಬೇಡ. ಬಾಟಲಿಯನ್ನು ನೆರಳಲ್ಲಿ, ಒದ್ದೆ ಗೋಣಿಚೀಲ ಸುತ್ತಿ ಇಡಿ, ಓಟಕ್ಕೆ ಮುಂಚೆ ಗೇಜ್ ನೋಡಿ. 950 ದಾಟಿದ್ದರೆ ತಣಿಯುವವರೆಗೆ ಕಾಯಿರಿ. ಚಳಿಗಾಲದಲ್ಲಿ ಬಿಸಿ ಮಾಡಬೇಕೆಂದರೆ ಅದಕ್ಕೆಂದೇ ಮಾಡಿದ, ತಾನೇ ಆಫ್ ಆಗುವ ಹೀಟರ್ ಪಟ್ಟಿ ಮಾತ್ರ. ಬೆಂಕಿಯಾಗಲಿ ಕುದಿಯುವ ನೀರಾಗಲಿ ಹತ್ತಿರ ಸುಳಿಯಬಾರದು. ಸೇಫ್ಟಿ ಡಿಸ್ಕ್ (ಬಾಟಲಿಯ ಒತ್ತಡ ಮಿತಿ ಮೀರಿದರೆ ಒಡೆಯುವ ಬಿಲ್ಲೆ) ಒಡೆದರೆ ಗ್ಯಾಸ್ ಕಾರಿನ ಹೊರಗೆ ಹೋಗುವಂತೆ ಪೈಪು ಕೊಟ್ಟಿರಬೇಕು.

ಪೆಟ್ರೋಲ್ ತಪ್ಪಿದರೆ ಗ್ಯಾಸೂ ನಿಲ್ಲಬೇಕು

ಸೊಲೆನಾಯ್ಡ್‌ಗಳಿಗೆ ಕರೆಂಟ್ ಹೋಗುವ ದಾರಿಯಲ್ಲಿ ನಾಲ್ಕು ಕಾವಲು ಇರಲಿ: ಮೇನ್ ಸ್ವಿಚ್, ಫುಲ್ ಥ್ರಾಟಲ್‌ನಲ್ಲಿ ಮಾತ್ರ ಒತ್ತುವ ಮೈಕ್ರೋಸ್ವಿಚ್, 3000 ಆರ್‌ಪಿಎಂ ಕೆಳಗೆ ಮತ್ತು ರೆಡ್‌ಲೈನ್ (ಎಂಜಿನ್ನಿನ ಗರಿಷ್ಠ ಆರ್‌ಪಿಎಂ ಮಿತಿ) ಹತ್ತಿರ ಕತ್ತರಿಸುವ ಆರ್‌ಪಿಎಂ ಸ್ವಿಚ್, ಕೊನೆಯದಾಗಿ ಪೆಟ್ರೋಲ್ ಪ್ರೆಶರ್ ಸ್ವಿಚ್. ಈ ಕೊನೆಯದನ್ನು ದುಡ್ಡು ಉಳಿಸಲು ಬಿಡುವವರೇ ಹೆಚ್ಚು. ನಾನಾದರೆ ಬೇರೆ ಮೂರರಲ್ಲಿ ಯಾವುದನ್ನಾದರೂ ತಡವಾಗಿ ಹಾಕಿಸೇನು, ಇದಿಲ್ಲದೆ ಬಾಟಲಿಯ ವಾಲ್ವ್ ತೆರೆಯಲಾರೆ. ಸುಮಾರು 4.5 ಪಿಎಸ್‌ಐ ಕೆಳಗೆ ಬಿದ್ದರೆ ರಿಲೇ ಬಿಟ್ಟು ಗ್ಯಾಸ್ ನಿಲ್ಲುವಂತೆ ಹೊಂದಿಸಿ. ಸ್ವಿಚ್ಚನ್ನು ರೆಗ್ಯುಲೇಟರ್ ಮತ್ತು ಸೊಲೆನಾಯ್ಡ್ ನಡುವೆ ಕೂರಿಸಿ, ಪಂಪಿನ ಬಳಿ ಅಲ್ಲ. ಬಾಟಲಿ ಮುಚ್ಚಿಟ್ಟು, ಪಂಪಿನ ಫ್ಯೂಸ್ ಕಿತ್ತು, ರಿಲೇ ಬಿಡುವ ಟಕ್ ಸದ್ದು ಕೇಳಿಸುತ್ತದೆಯೇ ಪರೀಕ್ಷಿಸಿ. ಪ್ರತಿ ಸ್ಪರ್ಧೆಯ ದಿನವೂ ಇದನ್ನು ಮಾಡಿ.

ಸೊಲೆನಾಯ್ಡ್‌ನಿಂದ ಪ್ಲೇಟಿನವರೆಗಿನ ಪೆಟ್ರೋಲ್ ಪೈಪು ಆದಷ್ಟು ಗಿಡ್ಡವಾಗಿರಲಿ. ಎರಡೂ ಸೊಲೆನಾಯ್ಡ್ ಒಟ್ಟಿಗೆ ತೆರೆದರೂ ನೂರಾರು ಪಿಎಸ್‌ಐನ ಗ್ಯಾಸ್ ತಕ್ಷಣ ತಲುಪುತ್ತದೆ, 5.5 ಪಿಎಸ್‌ಐನ ಪೆಟ್ರೋಲ್ ನಿಧಾನವಾಗಿ.

ಇಗ್ನಿಷನ್ ಟೈಮಿಂಗನ್ನು 40 ಎಚ್‌ಪಿ ಶಾಟ್‌ಗೆ ಎರಡು ಡಿಗ್ರಿ ಹಿಂದಕ್ಕೆ ತನ್ನಿ. ಪ್ಲಗ್ ಒಂದು ಹಂತ ತಣ್ಣನೆಯದು ಹಾಕಿ, ಗ್ಯಾಪ್ ಸ್ವಲ್ಪ ಕಡಿಮೆ ಮಾಡಿ.

ಮೊದಲ ಓಟ

ಕಿಟ್‌ನಲ್ಲಿರುವ ಅತಿ ಚಿಕ್ಕ ಜೆಟ್ ಜೋಡಿಯಿಂದ ಶುರು ಮಾಡಿ. ಎರಡನೇ ಗೇರ್‌ನಲ್ಲಿ ಅಲ್ಲ, ಮೂರನೆಯದರಲ್ಲಿ, 3500 ಆರ್‌ಪಿಎಂ ಮೇಲೆ, ಎರಡು ಮೂರು ಸೆಕೆಂಡು ಮಾತ್ರ. ಪೆಟ್ರೋಲ್ ಪ್ರೆಶರ್ ಗೇಜನ್ನು ಪಕ್ಕದಲ್ಲಿ ಕೂತವರು ನೋಡಲಿ, ಅಥವಾ ಫೋನಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಗೇಜಿನ ಮುಳ್ಳು ಅರ್ಧ ಪಿಎಸ್‌ಐಗಿಂತ ಹೆಚ್ಚು ಅಲುಗಿದರೆ ಅಲ್ಲಿಗೆ ಆ ದಿನದ ಓಟ ನಿಲ್ಲಿಸಿ. ವೈಡ್‌ಬ್ಯಾಂಡ್ ಆಕ್ಸಿಜನ್ ಮೀಟರ್ ಇದ್ದರೆ ಲ್ಯಾಂಬ್ಡಾ (1 ಎಂದರೆ ಸರಿಸಮ, ಅದಕ್ಕಿಂತ ಕಡಿಮೆಯಾದಷ್ಟೂ ರಿಚ್) 0.80ರ ಹತ್ತಿರ ಇರಬೇಕು. 0.85 ದಾಟಿದರೆ ಪೆಟ್ರೋಲ್ ಜೆಟ್ ಒಂದು ಸೈಜ್ ಏರಿಸಿ.

ಓಟ ಮುಗಿದ ತಕ್ಷಣ ಕ್ಲಚ್ ಒತ್ತಿ, ಇಗ್ನಿಷನ್ ಆಫ್ ಮಾಡಿ, ಕಾರನ್ನು ಉರುಳಿಸಿಕೊಂಡು ಬಂದು ನಿಲ್ಲಿಸಿ. ಐಡಲ್‌ನಲ್ಲಿ ಬಿಟ್ಟರೆ ಪ್ಲಗ್ ಹೇಳುವ ಸುದ್ದಿ ಅಳಿಸಿಹೋಗುತ್ತದೆ. ನಾಲ್ಕೂ ಪ್ಲಗ್ ಬಿಚ್ಚಿ, ಬಿಳಿ ಪಿಂಗಾಣಿಯನ್ನು ಲೆನ್ಸ್ ಹಿಡಿದು ನೋಡಿ. ಕಪ್ಪು ಅಥವಾ ಬೆಳ್ಳಿಯ ಬಣ್ಣದ ಸಣ್ಣ ಚುಕ್ಕೆಗಳಿದ್ದರೆ ನಾಕಿಂಗ್ ಆಗಿದೆ. ಬೆಳ್ಳಿಯದು ಪಿಸ್ಟನ್ನಿನ ಅಲ್ಯೂಮಿನಿಯಂ. ಪಿಂಗಾಣಿ ಸುಟ್ಟು ಗುಳ್ಳೆ ಎದ್ದಿದ್ದರೆ ಲೀನ್. ಇ20ರಲ್ಲಿ ಬಣ್ಣ ಮೊದಲಿನಷ್ಟು ಸ್ಪಷ್ಟವಾಗಿ ಕೂರುವುದಿಲ್ಲ, ಆದ್ದರಿಂದ ಪ್ಲಗ್ ಒಂದನ್ನೇ ನಂಬದೆ ಮೀಟರನ್ನೂ ಜೊತೆಗಿಟ್ಟುಕೊಳ್ಳಿ. ನಾಲ್ಕರಲ್ಲಿ ಒಂದು ಮಾತ್ರ ಬೇರೆಯಾಗಿ ಕಂಡರೆ ಮ್ಯಾನಿಫೋಲ್ಡಿನಲ್ಲಿ ಪೆಟ್ರೋಲ್ ಸಮನಾಗಿ ಹಂಚಿಕೆಯಾಗುತ್ತಿಲ್ಲ. ಆಗ ಇಡೀ ಟ್ಯೂನಿಂಗ್ ಆ ಅತಿ ಲೀನ್ ಸಿಲಿಂಡರಿಗೆ ತಕ್ಕಂತೆ ಇರಬೇಕು, ಸರಾಸರಿಗೆ ಅಲ್ಲ.

ಪ್ಲಗ್ ಶುದ್ಧವಾಗಿದ್ದು, ಒತ್ತಡ ಅಲುಗದೆ ನಿಂತಿದ್ದರೆ ಮುಂದಿನ ಜೆಟ್ ಜೋಡಿಗೆ ಹೋಗಿ. ಜೆಟ್ ಬದಲಿಸಿದ ಪ್ರತಿ ಸಲವೂ 30 ಸೆಕೆಂಡಿನ ಅಳತೆ ಹೊಸದಾಗಿ ಮಾಡಿ, ಮಿ.ಲೀ., ಒತ್ತಡ, ಬಾಟಲಿಯ ಗೇಜ್, ಆ ಹೊತ್ತಿನ ಬಿಸಿಲು ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆದಿಡಿ.

ಸ್ಪರ್ಧೆ ಮುಗಿದು ಊರಿಗೆ ಬಂದ ಮೇಲೆ ಚಿಕ್ಕ ಟ್ಯಾಂಕಿನ ಪೆಟ್ರೋಲನ್ನು ಪೂರ್ತಿ ಇಳಿಸಿಬಿಡಿ. ಎಥೆನಾಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತರೆ ನೀರು ತಳಕ್ಕೆ ಕೂತು ಪಂಪು, ಸೊಲೆನಾಯ್ಡ್ ಎರಡನ್ನೂ ಜಾಮ್ ಮಾಡುತ್ತದೆ. ಬಾಟಲಿಯ ವಾಲ್ವ್ ಮುಚ್ಚಿ, ಲೈನಿನಲ್ಲಿ ಉಳಿದ ಗ್ಯಾಸನ್ನು ಬಯಲಲ್ಲಿ ಬಿಟ್ಟು, ಬಾಟಲಿಯನ್ನು ಕಾರಿನಿಂದ ಇಳಿಸಿ ಗಾಳಿ ಆಡುವ ನೆರಳಿನ ಜಾಗದಲ್ಲಿ ನೆಟ್ಟಗೆ ಕಟ್ಟಿ ನಿಲ್ಲಿಸಿ. ಸೊಲೆನಾಯ್ಡ್‌ಗಳ ಒಳಗಿನ ರಬ್ಬರ್ ಸೀಲ್‌ಗಳನ್ನು ಮುಂದಿನ ಸೀಸನ್‌ಗೆ ಮೊದಲು ಬಿಚ್ಚಿ ನೋಡಿ, ಉಬ್ಬಿದ್ದರೆ ಬದಲಿಸಿ.